ಚಂಡಮಾರುತಕ್ಕೆ ಊರು ಬಿಟ್ಟ ಟೀಚರ್‌ಗೆ ಪಕ್ಕದ ರಾಜ್ಯದಲ್ಲಿ ಪಾಠ ಮಾಡಲು ಯಾಕಿಷ್ಟು ತಡೆ?

ಅಮೆರಿಕದಲ್ಲಿ ದೊಡ್ಡ ಚಂಡಮಾರುತವೋ ಕಾಡ್ಗಿಚ್ಚೋ ಆದ ಮೇಲೆ ಆಗಾಗ ಒಂದು ಸುದ್ದಿ ಬರುತ್ತದೆ: ಮನೆ ಕಳೆದುಕೊಂಡು ಬಂದ ಶಿಕ್ಷಕರಿಗೆ, ಪಾಠ ಮಾಡಲು ಬೇಕಾದ ನಮ್ಮ ರಾಜ್ಯದ ಲೈಸೆನ್ಸ್ ಅರ್ಜಿಯ ಶುಲ್ಕ ಮನ್ನಾ ಮಾಡಿದ್ದೇವೆ. 2017ರಲ್ಲಿ ಮರಿಯಾ ಚಂಡಮಾರುತ ಅಮೆರಿಕಕ್ಕೆ ಸೇರಿದ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊವನ್ನು ಹಾಳುಗೆಡವಿದಾಗ ಫ್ಲೋರಿಡಾ ಇದನ್ನೇ ಮಾಡಿತು. ಓದಿದವರಿಗೆ ಗೊಂದಲ ಆಗುವುದು ಸಹಜ. ದೇಶ ಒಂದೇ, ಪಾಸ್‌ಪೋರ್ಟ್ ಒಂದೇ, ಹತ್ತಾರು ವರ್ಷ ಪಾಠ ಮಾಡಿದ ಅನುಭವ ಬೇರೆ ಇದೆ. ಹಾಗಿದ್ದ ಮೇಲೆ ಮತ್ತೆ ಅರ್ಜಿ ಯಾಕೆ ಹಾಕಬೇಕು? ಶಿಕ್ಷಕರು ಸಿಗುತ್ತಿಲ್ಲ ಅಂತ ಪರದಾಡುವ ರಾಜ್ಯಗಳೇ ಕೆಲಸ ಗೊತ್ತಿರುವವರನ್ನು ಬಾಗಿಲಲ್ಲಿ ಯಾಕೆ ನಿಲ್ಲಿಸುತ್ತವೆ?

ಶುಲ್ಕ ಮನ್ನಾ ಒಳ್ಳೆಯದೇ. ಆದರೆ ಇಡೀ ಸಮಸ್ಯೆಯಲ್ಲಿ ಶುಲ್ಕದ್ದು ತೀರಾ ಸಣ್ಣ ಪಾಲು. ಫ್ಲೋರಿಡಾದಲ್ಲಿ ಒಂದು ವಿಷಯದ ಅರ್ಜಿಗೆ 75 ಡಾಲರ್. ಕಷ್ಟದಲ್ಲಿರುವವರಿಗೆ ಅದೂ ಹೊರೆಯೇ, ಒಪ್ಪೋಣ. ಆದರೆ ಟೀಚರ್ ಕೆಲಸ ಸಿಗದೆ ತಿಂಗಳುಗಟ್ಟಲೆ ಕೂರುವುದು ಆ 75 ಡಾಲರ್‌ನಿಂದಲ್ಲ. ಕಾಗದಪತ್ರ, ಪರೀಕ್ಷೆ ಮತ್ತು ಸಮಯ, ಈ ಮೂರರಿಂದ.

ಲೈಸೆನ್ಸ್ ಕೊಡುವವರು ಯಾರು?

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಮಾತೇ ಇಲ್ಲ. ಕೇಂದ್ರಕ್ಕೆ ಕೊಡದ ಅಧಿಕಾರವೆಲ್ಲ ರಾಜ್ಯಗಳದ್ದು ಅಂತ ಹತ್ತನೇ ತಿದ್ದುಪಡಿ ಹೇಳುತ್ತದೆ. ಹಾಗಾಗಿ ಯಾರು ಟೀಚರ್ ಆಗಬಹುದು ಅಂತ 50 ರಾಜ್ಯಗಳೂ ತಮ್ಮ ತಮ್ಮ ಲೆಕ್ಕದಲ್ಲಿ ತೀರ್ಮಾನ ಮಾಡುತ್ತವೆ. ಫ್ಲೋರಿಡಾಕ್ಕೆ ಅದರದೇ ಪರೀಕ್ಷೆ, ಟೆಕ್ಸಾಸ್‌ಗೆ ಅದರದೇ, ಮ್ಯಾಸಚೂಸೆಟ್ಸ್‌ಗೆ ಇನ್ನೊಂದು. ಹಲವು ರಾಜ್ಯಗಳು ಪ್ರಾಕ್ಸಿಸ್ ಅನ್ನುವ ಒಂದೇ ಪರೀಕ್ಷೆಯನ್ನು ಬಳಸುತ್ತವೆ, ಆದರೆ ಪಾಸಾಗಲು ಬೇಕಾದ ಅಂಕ ಒಂದೊಂದು ಕಡೆ ಒಂದೊಂದು.

ನಮ್ಮಲ್ಲೂ ಇದರ ಛಾಯೆ ಇದೆ. ಕರ್ನಾಟಕದ ಟಿಇಟಿ ಪಾಸಾದವರು ಕೇರಳದ ಸರ್ಕಾರಿ ಶಾಲೆಗೆ ಅರ್ಜಿ ಹಾಕಲು ಹೋದರೆ ಅಲ್ಲಿನ ಟಿಇಟಿಯ ಪ್ರಶ್ನೆ ಎದುರಾಗುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಸರ್ಕಾರಿ ಶಿಕ್ಷಕರು ರಾಜ್ಯದ ನೌಕರರು. ಶಾಲೆಯ ಕಟ್ಟಡ ಕೊಚ್ಚಿಹೋದರೂ ಕೆಲಸ ಹೋಗುವುದಿಲ್ಲ, ಇನ್ನೊಂದು ಶಾಲೆಗೆ ಹಾಕುತ್ತಾರೆ. ಅಮೆರಿಕದಲ್ಲಿ ಟೀಚರನ್ನು ನೇಮಿಸಿಕೊಳ್ಳುವುದು ಸ್ಥಳೀಯ ಶಾಲಾ ಜಿಲ್ಲೆ. ಅಂಥವು ಸುಮಾರು 13 ಸಾವಿರ ಇವೆ. ಅವುಗಳ ಆದಾಯದ ದೊಡ್ಡ ಭಾಗ ಸ್ಥಳೀಯ ತೆರಿಗೆಯಿಂದ ಮತ್ತು ಮಕ್ಕಳ ಸಂಖ್ಯೆಗೆ ತಕ್ಕ ಅನುದಾನದಿಂದ ಬರುತ್ತದೆ. ಊರೇ ಖಾಲಿಯಾದರೆ ತೆರಿಗೆ ಇಲ್ಲ, ಮಕ್ಕಳಿಲ್ಲ, ಸಂಬಳ ಕೊಡಲು ದುಡ್ಡಿಲ್ಲ. ಅಂದರೆ ಬಿರುಗಾಳಿ ಮನೆಯನ್ನೂ ಕೆಲಸವನ್ನೂ ಒಟ್ಟಿಗೇ ಕಿತ್ತುಕೊಳ್ಳುತ್ತದೆ. ಆಮೇಲೆ ಗಡಿ ದಾಟಿದರೆ ಲೈಸೆನ್ಸೂ ತಾನಾಗಿ ನಡೆಯುವುದಿಲ್ಲ.

ಕತ್ರಿನಾದಲ್ಲಿ ಆದದ್ದು

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಲೂಸಿಯಾನಾ ರಾಜ್ಯಕ್ಕೆ ಅಪ್ಪಳಿಸಿತು. ಒಡ್ಡುಗಳು ಒಡೆದು ಅಲ್ಲಿನ ನ್ಯೂ ಆರ್ಲಿಯನ್ಸ್ ನಗರ ಮುಳುಗಿತು. ಶಾಲಾ ಮಂಡಳಿ ತನ್ನ ನೌಕರರನ್ನು ಮೊದಲು ಸಂಬಳವಿಲ್ಲದ 'ವಿಪತ್ತು ರಜೆ'ಗೆ ಕಳಿಸಿತು. ಕೆಲವೇ ತಿಂಗಳಲ್ಲಿ ಸುಮಾರು 7,500 ಜನರನ್ನು ಕೆಲಸದಿಂದಲೇ ತೆಗೆಯಿತು, ಅದರಲ್ಲಿ 4 ಸಾವಿರಕ್ಕೂ ಹೆಚ್ಚು ಶಿಕ್ಷಕರು. ಈ ನಡುವೆ ಲೂಸಿಯಾನಾ ಸರ್ಕಾರ ನಗರದ ಬಹುಪಾಲು ಶಾಲೆಗಳನ್ನು ತನ್ನ ಕೈಗೆ ತೆಗೆದುಕೊಂಡು, ಕ್ರಮೇಣ ಖಾಸಗಿ ಆಡಳಿತದ ಚಾರ್ಟರ್ ಶಾಲೆಗಳನ್ನಾಗಿ ಮಾಡಿತು. ಹಳೆಯ ಶಿಕ್ಷಕರಿಗೆ ವಾಪಸ್ ಹೋಗಲು ಅದೇ ಶಾಲೆ, ಅದೇ ಹುದ್ದೆ ಉಳಿಯಲಿಲ್ಲ.

ಅವರು ಕೋರ್ಟಿಗೆ ಹೋದರು. 2012ರಲ್ಲಿ ಕೆಳ ನ್ಯಾಯಾಲಯದಲ್ಲಿ ಗೆದ್ದರು. 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. 2015ರಲ್ಲಿ ದೇಶದ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಹತ್ತು ವರ್ಷ ಕಾದದ್ದಕ್ಕೆ ಸಿಕ್ಕಿದ್ದು ಇಷ್ಟೇ.

ಅತ್ತ ಟೆಕ್ಸಾಸ್‌ನ ಶಾಲೆಗಳಿಗೆ ಚಂಡಮಾರುತದಿಂದ ಬಂದ 40 ಸಾವಿರಕ್ಕೂ ಹೆಚ್ಚು ಮಕ್ಕಳು ಸೇರಿದ್ದರು. ಹ್ಯೂಸ್ಟನ್‌ನ ಎಷ್ಟೋ ತರಗತಿಗಳು ರಾತ್ರೋರಾತ್ರಿ ತುಂಬಿ ತುಳುಕಿದವು. ಆ ಮಕ್ಕಳನ್ನು ಬಲ್ಲ, ಅವರ ಮಾತು, ಮನೆ, ಬೀದಿ ಎಲ್ಲ ಗೊತ್ತಿದ್ದ ಶಿಕ್ಷಕರಲ್ಲಿ ಎಷ್ಟೋ ಜನ ಅದೇ ಊರಿಗೇ ಬಂದಿದ್ದರು. ಆಗ ಇಡೀ ದೇಶದಲ್ಲಿ 'ಪೂರ್ಣ ಅರ್ಹ' ಶಿಕ್ಷಕರೇ ಪಾಠ ಮಾಡಬೇಕು ಅನ್ನುವ ಕೇಂದ್ರದ ಕಾನೂನು ಬೇರೆ ಬಿಗಿಯಾಗಿತ್ತು. ಆ ಬಿಗಿಯನ್ನು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಸ್ವಲ್ಪ ಸಡಿಲ ಮಾಡಿತು. ಚಂಡಮಾರುತದಿಂದ ಬಂದ, ತಮ್ಮ ರಾಜ್ಯದಲ್ಲಿ ಅರ್ಹರಾಗಿದ್ದ ಶಿಕ್ಷಕರನ್ನು ಹೊಸ ಜಾಗದಲ್ಲೂ ಒಂದು ವರ್ಷದ ಮಟ್ಟಿಗೆ ಅರ್ಹರು ಅಂತ ಎಣಿಸಬಹುದು ಅಂತ ಹೇಳಿತು. ಆ ಮಸೂದೆಗೆ ಸಹಿ ಬಿದ್ದಿದ್ದು 2005ರ ಡಿಸೆಂಬರ್ 30ಕ್ಕೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಶಾಲೆ ಶುರುವಾಗುವುದು ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಅರ್ಧ ವರ್ಷದ ಪಾಠ ಮುಗಿದಿತ್ತು.

ಕೆಲಸ ಕಳೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಎರಡು ವರ್ಷದ ನಂತರ ಲೂಸಿಯಾನಾದ ಸರ್ಕಾರಿ ಶಾಲೆಗಳಲ್ಲಿ ಇರಲಿಲ್ಲ. ನ್ಯೂ ಆರ್ಲಿಯನ್ಸ್‌ನ ಶಿಕ್ಷಕರಲ್ಲಿ ಕಪ್ಪು ಜನಾಂಗದವರ ಪಾಲು 2005ರಲ್ಲಿ ಶೇ 71 ಇದ್ದದ್ದು 2014ರ ಹೊತ್ತಿಗೆ ಶೇ 50ಕ್ಕಿಂತ ಕೆಳಗೆ ಬಂತು. ಇದಕ್ಕೆಲ್ಲ ಲೈಸೆನ್ಸ್ ಒಂದೇ ಕಾರಣ ಅನ್ನಲಾಗದು. ವಜಾ ಮಾಡಿದ್ದು, ಶಾಲೆಗಳ ಆಡಳಿತ ಬದಲಾಗಿದ್ದು, ಬಾಡಿಗೆ ಏರಿದ್ದು ಎಲ್ಲ ಸೇರಿದೆ. ಆದರೆ ಒಂದು ವೃತ್ತಿಯಲ್ಲಿ ಬೇರೂರಿದ್ದ ಮಧ್ಯಮ ವರ್ಗದ ಒಂದು ಸಮುದಾಯ ಹೇಗೆ ಚದುರಿಹೋಗುತ್ತದೆ ಅನ್ನುವುದು ಇಲ್ಲಿ ಕಾಣುತ್ತದೆ. ಹೋದ ಕಡೆ ಬೇಗ ಕೆಲಸ ಸಿಕ್ಕಿದ್ದರೆ ಕನಿಷ್ಠ ವೃತ್ತಿಯಾದರೂ ಉಳಿಯುತ್ತಿತ್ತು.

ಕಾಗದ ಕೊಡುವ ಕಚೇರಿಯಲ್ಲೇ ಕರೆಂಟ್ ಇಲ್ಲ

ಲೈಸೆನ್ಸ್‌ಗೆ ಏನೇನು ಬೇಕು ನೋಡಿ. ಕಾಲೇಜಿನಿಂದ ಅಧಿಕೃತ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಪಟ್ಟಿ. ಸಾಮಾನ್ಯವಾಗಿ ಅದನ್ನು ಕಾಲೇಜೇ ನೇರವಾಗಿ ಕಳಿಸಬೇಕು, ನಮ್ಮ ಹತ್ತಿರ ಇರುವ ಜೆರಾಕ್ಸ್ ನಡೆಯುವುದಿಲ್ಲ. ಹಳೆಯ ರಾಜ್ಯದ ಲೈಸೆನ್ಸ್ ಚಾಲ್ತಿಯಲ್ಲಿದೆ ಅಂತ ಆ ರಾಜ್ಯದ ಇಲಾಖೆಯ ಪತ್ರ. ಅನುಭವಕ್ಕೆ ಹಳೆಯ ಶಾಲಾ ಜಿಲ್ಲೆಯ ದೃಢೀಕರಣ, ಯಾಕೆಂದರೆ ಸಂಬಳದ ಶ್ರೇಣಿ ಅದರ ಮೇಲೆ ನಿಂತಿದೆ. ಬೆರಳಚ್ಚು ಮತ್ತು ಅಪರಾಧ ಹಿನ್ನೆಲೆಯ ತಪಾಸಣೆ. ಇಷ್ಟೂ ಆದ ಮೇಲೆ ಹಲವು ಕಡೆ ಹೊಸ ರಾಜ್ಯದ ಪರೀಕ್ಷೆ.

ಈಗ ಇದನ್ನು 2017ರ ಪೋರ್ಟೊ ರಿಕೊದ ಮೇಲೆ ಇಟ್ಟು ನೋಡಿ. ಸೆಪ್ಟೆಂಬರ್ 20ಕ್ಕೆ ಮರಿಯಾ ಬಂತು. ಇಡೀ ದ್ವೀಪದ ವಿದ್ಯುತ್ ಹೋಯಿತು. ಕೊನೆಯ ಮನೆಗಳಿಗೆ ಕರೆಂಟ್ ಬರಲು ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು. ಫೋನ್ ಇಲ್ಲ, ಇಂಟರ್ನೆಟ್ ಇಲ್ಲ, ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಮುಚ್ಚಿವೆ. ಫ್ಲೋರಿಡಾದ ಒರ್ಲ್ಯಾಂಡೊ ವಿಮಾನ ನಿಲ್ದಾಣದಲ್ಲಿ ಇಳಿದ ಒಬ್ಬ ಗಣಿತ ಟೀಚರ್ ಅಂತಿಟ್ಟುಕೊಳ್ಳಿ. ಅಲ್ಲೇ ನಿಲ್ದಾಣದಲ್ಲೇ ಆರೆಂಜ್ ಕೌಂಟಿಯ ಶಾಲಾ ಜಿಲ್ಲೆಯವರು ಟೇಬಲ್ ಹಾಕಿ ಮಕ್ಕಳನ್ನು ಶಾಲೆಗೆ ನೋಂದಾಯಿಸಿಕೊಳ್ಳುತ್ತಿದ್ದರು, ಕೆಲಸ ಬೇಕಾದವರ ಹೆಸರನ್ನೂ ಬರೆದುಕೊಳ್ಳುತ್ತಿದ್ದರು. ಆ ಜಿಲ್ಲೆ ತೋರಿಸಿದ ಚುರುಕು ನಿಜಕ್ಕೂ ಮೆಚ್ಚಬೇಕಾದ್ದು. ಆದರೆ ಆ ಟೀಚರ್‌ನ ಟ್ರಾನ್ಸ್‌ಕ್ರಿಪ್ಟ್ ಇರುವುದು ಸಮುದ್ರದ ಆಚೆ, ಕತ್ತಲಲ್ಲಿರುವ ಒಂದು ಕಚೇರಿಯಲ್ಲಿ. ಕಳಿಸಬೇಕಾದ ಗುಮಾಸ್ತರ ಮನೆಗೂ ಛಾವಣಿ ಇಲ್ಲ.

ಭಾಷೆ ಇನ್ನೊಂದು ಗೋಡೆ. ಪೋರ್ಟೊ ರಿಕೊದ ಜನ ಅಮೆರಿಕದ ನಾಗರಿಕರೇ, ಆದರೆ ಅಲ್ಲಿನ ಶಾಲೆಗಳು ನಡೆಯುವುದು ಸ್ಪ್ಯಾನಿಷ್‌ನಲ್ಲಿ. ಇಪ್ಪತ್ತು ವರ್ಷ ಸ್ಪ್ಯಾನಿಷ್‌ನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವರು ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಪಾಸಾಗಬೇಕು. ಅದೇ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್, ಸ್ಪ್ರಿಂಗ್‌ಫೀಲ್ಡ್‌ನಂಥ ಊರುಗಳಲ್ಲಿ ಸ್ಪ್ಯಾನಿಷ್ ಮಾತ್ರ ಬಲ್ಲ ಹೊಸ ಮಕ್ಕಳು ತರಗತಿಗೆ ಬರುತ್ತಿದ್ದರು. ಎರಡು ಭಾಷೆಯ ಶಿಕ್ಷಕರು ಬೇಕು ಅಂತ ಶಾಲೆಗಳು ಹುಡುಕುತ್ತಿದ್ದವು. ಬೇಕಾದವರು ಅದೇ ಊರಲ್ಲಿದ್ದಾರೆ, ಆದರೆ ತರಗತಿಯೊಳಗೆ ಬರುವಂತಿಲ್ಲ.

ಮಗುವಿಗೆ ತೆರೆಯುವ ಬಾಗಿಲು

ಅಮೆರಿಕದಲ್ಲಿ ಮೆಕಿನ್ನಿ-ವೆಂಟೊ ಅನ್ನುವ ಕಾನೂನು ಇದೆ, 1987ರದ್ದು. ಮನೆ ಇಲ್ಲದ ಮಗು ಶಾಲೆಯ ಬಾಗಿಲಿಗೆ ಬಂದರೆ ತಕ್ಷಣ ಸೇರಿಸಿಕೊಳ್ಳಬೇಕು. ಜನನ ಪತ್ರ ಇಲ್ಲ, ಲಸಿಕೆ ಚೀಟಿ ಇಲ್ಲ, ಹಳೆಯ ಶಾಲೆಯ ಅಂಕಪಟ್ಟಿ ಇಲ್ಲ, ಪರವಾಗಿಲ್ಲ. ಮೊದಲು ತರಗತಿಗೆ ಕಳಿಸಿ, ಕಾಗದ ಆಮೇಲೆ ತರಿಸಿಕೊಳ್ಳಿ ಅನ್ನುತ್ತದೆ ಕಾನೂನು. ಚಂಡಮಾರುತದಿಂದ ಮನೆ ಕಳೆದುಕೊಂಡ ಮಕ್ಕಳೂ ಇದರಡಿ ಬರುತ್ತಾರೆ.

ಅದೇ ಮಗುವಿನ ಟೀಚರ್ ಅದೇ ಬಸ್ಸಿನಲ್ಲಿ ಬಂದು ಅದೇ ಶಾಲೆಯ ಮುಂದೆ ನಿಂತರೆ? ಮೊದಲು ಕಾಗದ, ಆಮೇಲೆ ತರಗತಿ. ಕಾಗದ ಕಳೆದುಹೋಗಿರುವುದು ವ್ಯಕ್ತಿಯ ತಪ್ಪಲ್ಲ ಅಂತ ಮಗುವಿನ ವಿಷಯದಲ್ಲಿ ಕಾನೂನು ಒಪ್ಪಿದೆ. ದೊಡ್ಡವರ ವಿಷಯದಲ್ಲಿ ಇನ್ನೂ ಒಪ್ಪಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತಿ ದೊಡ್ಡ ಕೊರತೆ ಅಂತ ಕಾಣುವುದು ಇದೇ.

ಇನ್ನೊಂದು ಕಡೆಯಿಂದಲೂ ನೋಡಬಹುದು. ರಾಜ್ಯಗಳು ವಿಪತ್ತಿನಲ್ಲಿ ಒಬ್ಬರಿಗೊಬ್ಬರು ನೆರವಾಗಲು ಒಂದು ಒಪ್ಪಂದ ಮಾಡಿಕೊಂಡಿವೆ, 1996ರಲ್ಲಿ ಕಾಂಗ್ರೆಸ್ ಅದಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ರಾಜ್ಯ ನೆರವು ಕೇಳಿದಾಗ ಇನ್ನೊಂದು ರಾಜ್ಯ ಕಳಿಸುವ ನರ್ಸ್, ಎಂಜಿನಿಯರ್‌ಗಳ ಲೈಸೆನ್ಸ್ ಅಲ್ಲೂ ನಡೆಯುತ್ತದೆ. ಚೆನ್ನಾಗಿದೆ. ಆದರೆ ಅದು ಹೊರಗಿನಿಂದ ವಿಪತ್ತಿನ ಜಾಗಕ್ಕೆ ಹೋಗುವವರಿಗೆ. ವಿಪತ್ತಿನ ಜಾಗದಿಂದ ಹೊರಗೆ ಬರುವವರಿಗೆ ಅದರಲ್ಲಿ ಏನೂ ಇಲ್ಲ.

'ತಾತ್ಕಾಲಿಕ' ಮುಗಿದ ಮೇಲೆ

ರಾಜ್ಯಗಳು ಸುಮ್ನೆ ಕೂತಿಲ್ಲ, ತಾತ್ಕಾಲಿಕ ಲೈಸೆನ್ಸ್ ಕೊಡುತ್ತವೆ. ಮರಿಯಾ ಬಂದಾಗ ಫ್ಲೋರಿಡಾದ ತಾತ್ಕಾಲಿಕ ಸರ್ಟಿಫಿಕೇಟ್ ಮೂರು ವರ್ಷದ್ದಾಗಿತ್ತು, ನವೀಕರಣ ಇರಲಿಲ್ಲ. ಆ ಅವಧಿಯೊಳಗೆ ಸಾಮಾನ್ಯ ಜ್ಞಾನ, ಬೋಧನಾ ವೃತ್ತಿ, ತಮ್ಮ ವಿಷಯ ಹೀಗೆ ಬೇರೆ ಬೇರೆ ಪರೀಕ್ಷೆಗಳನ್ನು ಮುಗಿಸಬೇಕಿತ್ತು.

ಕೇಳಲು ಸಾಕಷ್ಟು ಸಮಯ ಅನ್ನಿಸುತ್ತದೆ. ಆದರೆ ಆ ವರ್ಷಗಳು ಎಂಥವು? ಮೊದಲ ವರ್ಷ ಬಾಡಿಗೆ ಮನೆ ಹುಡುಕುವುದು, ವಿಮೆ ಕಂಪನಿಯ ಜೊತೆ ಗುದ್ದಾಟ, ಪರಿಹಾರದ ಅರ್ಜಿ, ಊರಲ್ಲಿ ಉಳಿದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವುದು. ರಾತ್ರಿ ಕೂತು ಪರೀಕ್ಷೆಗೆ ಓದುವ ಮನಸ್ಸು, ಪುರುಸೊತ್ತು ಎರಡೂ ಇಲ್ಲದ ಕಾಲ. ಜೊತೆಗೆ ಪ್ರತಿ ಪರೀಕ್ಷೆಗೂ ಬೇರೆ ಶುಲ್ಕ. ಅರ್ಜಿಯ ಶುಲ್ಕ ಮನ್ನಾ ಅಂತ ಸುದ್ದಿಯಾದಾಗ ಪರೀಕ್ಷೆಯ ಶುಲ್ಕದ ಬಗ್ಗೆ ಯಾರೂ ಕೇಳುವುದಿಲ್ಲ.

ಅವಧಿ ಮುಗಿದರೆ ಮೂರು ವರ್ಷ ಚೆನ್ನಾಗಿ ಪಾಠ ಮಾಡಿದವರೂ ತರಗತಿ ಬಿಡಬೇಕಾಗುತ್ತದೆ. ಕೆಲವರು ಕಡಿಮೆ ಸಂಬಳದ ಸಹಾಯಕ ಹುದ್ದೆಗೆ ಇಳಿಯುತ್ತಾರೆ, ಕೆಲವರು ಗೋದಾಮಿನ ಕೆಲಸಕ್ಕೋ ಅಂಗಡಿಗೋ ಹೋಗುತ್ತಾರೆ. ಶಾಲೆ ಮತ್ತೆ ಹೊಸಬರನ್ನು ಹುಡುಕುತ್ತದೆ. ಸಮಸ್ಯೆ ತೀರಲಿಲ್ಲ, ಮೂರು ವರ್ಷ ಮುಂದಕ್ಕೆ ಹೋಯಿತು ಅಷ್ಟೆ.

ಸಡಿಲ ಮಾಡಬೇಡಿ ಅನ್ನುವವರ ಮಾತು

ಇವರ ವಾದದಲ್ಲಿ ತೂಕ ಇದೆ, ತಳ್ಳಿಹಾಕುವ ಹಾಗಿಲ್ಲ.

ಮೊದಲನೆಯದು ಮಕ್ಕಳ ಸುರಕ್ಷತೆ. ಗಲಾಟೆಯ ಸಮಯದಲ್ಲಿ ಹಿನ್ನೆಲೆ ನೋಡದೆ ಯಾರನ್ನೋ ತರಗತಿಗೆ ಬಿಟ್ಟರೆ ಅಪಾಯ. ನಿಜ. ಆದರೆ ಬೆರಳಚ್ಚು ಕೊಡಲು ಊರಿನ ಕಡತ ಬೇಕಿಲ್ಲ, ಬೆರಳು ಇದ್ದರೆ ಸಾಕು. ದುರ್ನಡತೆಗಾಗಿ ಲೈಸೆನ್ಸ್ ಕಳೆದುಕೊಂಡ ಶಿಕ್ಷಕರ ವಿವರವನ್ನು ರಾಜ್ಯಗಳು ಒಂದು ಸಾಮೂಹಿಕ ದಾಖಲೆಯಲ್ಲಿ ಹಂಚಿಕೊಳ್ಳುತ್ತಲೇ ಇವೆ. ಹಾಗಾಗಿ ಸುರಕ್ಷತೆಯ ತಪಾಸಣೆಯನ್ನು ಒಂದಿಷ್ಟೂ ಸಡಿಲ ಮಾಡದೆ ಉಳಿದ ಕಾಗದಗಳಿಗೆ ಸಮಯ ಕೊಡಬಹುದು. ಈ ಎರಡನ್ನೂ ಒಂದೇ ಗಂಟು ಕಟ್ಟಿರುವುದರಿಂದಲೇ ಚರ್ಚೆ ಹಾದಿ ತಪ್ಪುತ್ತಿದೆ.

ಎರಡನೆಯದು ಗುಣಮಟ್ಟ. ಅದರಲ್ಲೂ ವಿಶೇಷ ಅಗತ್ಯದ ಮಕ್ಕಳ ಶಿಕ್ಷಣ. ಆ ಮಕ್ಕಳಿಗೆ ಕಾನೂನಿನ ರಕ್ಷಣೆ ಇದೆ, ಅವರ ಟೀಚರ್‌ಗೆ ಬೇರೆ ತರಬೇತಿ ಬೇಕು. ಸಾಮಾನ್ಯ ಶಿಕ್ಷಕರನ್ನು ಅವಸರದಲ್ಲಿ ಅಲ್ಲಿಗೆ ಹಾಕುವುದು ತಪ್ಪು. ಇಲ್ಲಿ ವಿರೋಧಿಸುವವರ ಮಾತೇ ಸರಿ. ಹಳೆಯ ರಾಜ್ಯದಲ್ಲಿ ಯಾವ ವಿಷಯಕ್ಕೆ, ಯಾವ ತರಗತಿಗೆ ಲೈಸೆನ್ಸ್ ಇತ್ತೋ ಅಷ್ಟಕ್ಕೇ ಒಪ್ಪಿಗೆ ಸಿಗಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಕಠಿಣ ಅನ್ನಿಸುವ ವಾದ. ಹೊರಗೆ ಲೈಸೆನ್ಸ್ ಸುಲಭವಾದರೆ ಏಟು ತಿಂದ ಊರಿಗೆ ಶಿಕ್ಷಕರು ವಾಪಸ್ ಹೋಗುತ್ತಾರಾ? ಪೋರ್ಟೊ ರಿಕೊದಲ್ಲಿ ಶಿಕ್ಷಕರ ಮೂಲ ಸಂಬಳ ಆಗ ತಿಂಗಳಿಗೆ 1,750 ಡಾಲರ್, ವರ್ಷಗಟ್ಟಲೆ ಏರಿರಲಿಲ್ಲ. ಫ್ಲೋರಿಡಾದಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಸಿಗುತ್ತದೆ. ಮರಿಯಾ ಆದ ಮರುವರ್ಷ ದ್ವೀಪದ 250ಕ್ಕೂ ಹೆಚ್ಚು ಶಾಲೆಗಳನ್ನು ಸರ್ಕಾರ ಮುಚ್ಚಿತು, ಮಕ್ಕಳು ಕಡಿಮೆಯಾದರು ಅನ್ನುವುದೇ ಕೊಟ್ಟ ಕಾರಣ. ಶಾಲೆ ಮುಚ್ಚಿದರೆ ಉಳಿದ ಕುಟುಂಬಗಳೂ ಹೊರಡಬಹುದು. ಶಿಕ್ಷಕರು ಹೋದರೆ ಶಾಲೆ ಹೋಗುತ್ತದೆ, ಶಾಲೆ ಹೋದರೆ ಊರು ಹೋಗುತ್ತದೆ ಅನ್ನುವ ಭಯ ಸುಳ್ಳಲ್ಲ.

ಆದರೆ ಇದಕ್ಕೆ ಪರಿಹಾರ ಲೈಸೆನ್ಸ್ ಕಷ್ಟ ಮಾಡುವುದಾ? ಸಂಬಳವಿಲ್ಲದೆ ಕೂರಿಸಿದರೆ ಯಾರೂ ವಾಪಸ್ ಹೋಗುವುದಿಲ್ಲ, ವೃತ್ತಿಯನ್ನೇ ಬಿಡುತ್ತಾರೆ. ಊರಿನ ಹುದ್ದೆಯನ್ನು ಒಂದೆರಡು ವರ್ಷ ಕಾದಿರಿಸಿ, ಅಲ್ಲಿಯವರೆಗೆ ಹೊರಗೆ ಪಾಠ ಮಾಡಲು ಬಿಟ್ಟರೆ ವಾಪಸ್ ಬರುವ ದಾರಿ ತೆರೆದಿರುತ್ತದೆ. 2022ರಲ್ಲಿ ಶಿಕ್ಷಕರು ಬೀದಿಗಿಳಿದ ಮೇಲೆ ಪೋರ್ಟೊ ರಿಕೊ ತಿಂಗಳಿಗೆ ಸಾವಿರ ಡಾಲರ್ ಸಂಬಳ ಏರಿಸಿತು. ಶಿಕ್ಷಕರನ್ನು ಉಳಿಸಿಕೊಳ್ಳುವ ಕ್ರಮ ಅಂದರೆ ಅದು.

ಹೊಸ ಒಪ್ಪಂದ ಎಷ್ಟು ಸಹಾಯ ಮಾಡುತ್ತದೆ?

ಈಗ 'ಅಂತರರಾಜ್ಯ ಶಿಕ್ಷಕರ ಸಂಚಾರ ಒಪ್ಪಂದ' ಬಂದಿದೆಯಲ್ಲ, ಸಮಸ್ಯೆ ಮುಗಿಯಿತು ಅಂತ ಕೆಲವರು ಹೇಳುತ್ತಾರೆ. ಸೈನಿಕರ ಕುಟುಂಬಗಳು ಪದೇ ಪದೇ ರಾಜ್ಯ ಬದಲಿಸುತ್ತವೆ, ಅವರ ಪತಿ ಪತ್ನಿಯರಲ್ಲಿ ಶಿಕ್ಷಕರು ತುಂಬಾ. ಅದಕ್ಕೇ ರಕ್ಷಣಾ ಇಲಾಖೆಯ ಬೆಂಬಲದಿಂದ ಇದರ ಕರಡು ತಯಾರಾಯಿತು. 2023ರಲ್ಲಿ ಹತ್ತು ರಾಜ್ಯಗಳು ಸೇರಿ ಜಾರಿಗೆ ಬಂತು. ಕೊಲರಾಡೊ, ಫ್ಲೋರಿಡಾ, ಅಲಬಾಮಾ, ಒರೆಗಾನ್ ಇದರಲ್ಲಿವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ದೊಡ್ಡ ರಾಜ್ಯಗಳು ಹೊರಗೇ ಉಳಿದಿವೆ.

ಒಪ್ಪಂದದ ತಿರುಳು ಸರಳ. ಸದಸ್ಯ ರಾಜ್ಯದ ಪೂರ್ಣ ಲೈಸೆನ್ಸ್, ಪದವಿ, ಮಾನ್ಯತೆ ಇರುವ ತರಬೇತಿ ಇದ್ದರೆ ಇನ್ನೊಂದು ಸದಸ್ಯ ರಾಜ್ಯ ತನ್ನಲ್ಲಿ ಅದಕ್ಕೆ ಹತ್ತಿರದ ಲೈಸೆನ್ಸ್ ಕೊಡಬೇಕು, ಮತ್ತೆ ಪರೀಕ್ಷೆ ಕೇಳಬಾರದು. ಇದು ದೊಡ್ಡ ಹೆಜ್ಜೆಯೇ. ಆದರೆ ಬಿರುಗಾಳಿಯ ಕಣ್ಣಿನಿಂದ ನೋಡಿದರೆ ತೂತುಗಳು ಕಾಣುತ್ತವೆ. ಎರಡೂ ರಾಜ್ಯ ಸದಸ್ಯರಾಗಿರಬೇಕು, ಚಂಡಮಾರುತ ಆ ನಕ್ಷೆ ನೋಡಿ ಬರುವುದಿಲ್ಲ. ತಾತ್ಕಾಲಿಕ ಲೈಸೆನ್ಸ್‌ನವರು ಇದರಲ್ಲಿ ಬರುವುದಿಲ್ಲ, ಬಡ ಜಿಲ್ಲೆಗಳಲ್ಲಿ ಅಂಥವರು ಬೇರೆ ಕಡೆಗಿಂತ ಜಾಸ್ತಿ. ಕಾಗದ ಕಳೆದುಕೊಂಡವರಿಗೆ ಬೇರೆ ದಾರಿಯನ್ನೂ ಇದು ತೋರಿಸುವುದಿಲ್ಲ.

ಸೈನಿಕರ ಕುಟುಂಬಗಳಿಗೆ ಕಾಂಗ್ರೆಸ್ ಇನ್ನೂ ಮುಂದೆ ಹೋಯಿತು. 2023ರ ಜನವರಿಯಲ್ಲಿ ಬಂದ ಕಾನೂನಿನ ಪ್ರಕಾರ ಸೇನೆಯ ಆದೇಶದಿಂದ ಊರು ಬದಲಿಸಿದವರ ವೃತ್ತಿ ಲೈಸೆನ್ಸ್ ಹೊಸ ರಾಜ್ಯದಲ್ಲೂ ಊರ್ಜಿತ, ವಕೀಲರದ್ದೊಂದು ಬಿಟ್ಟು. ಲೈಸೆನ್ಸ್ ರಾಜ್ಯದ ವಿಷಯ, ಕೇಂದ್ರ ಕೈಹಾಕುವಂತಿಲ್ಲ ಅನ್ನುವ ವಾದ ಇಲ್ಲಿ ಅಡ್ಡ ಬರಲಿಲ್ಲ. ಸೇನೆಯ ವಿಷಯದಲ್ಲಿ ಕಾಂಗ್ರೆಸ್‌ಗೆ ವಿಶೇಷ ಅಧಿಕಾರ ಇದೆ ಅನ್ನುವುದು ನಿಜ. ಆದರೆ ಅಧ್ಯಕ್ಷರು ಘೋಷಿಸುವ ವಿಪತ್ತಿನ ಪರಿಹಾರದ ಹಣಕ್ಕೆ ಷರತ್ತು ಹಾಕುವ ಅಧಿಕಾರವೂ ಅದಕ್ಕಿದೆ. ಪರಿಹಾರದ ದುಡ್ಡು ಬೇಕಾದರೆ ನಿರಾಶ್ರಿತ ಶಿಕ್ಷಕರ ಲೈಸೆನ್ಸ್ ಒಪ್ಪಿಕೊಳ್ಳಿ ಅಂತ ಹೇಳಲು ಕಾಂಗ್ರೆಸ್‌ಗೆ ಮನಸ್ಸಿದ್ದರೆ ಸಾಕು.

ವೀಸಾದ ಮೇಲೆ ಪಾಠ ಮಾಡುವವರು

ನಮ್ಮವರಿಗೂ ಇದು ತಟ್ಟುತ್ತದೆ. ಅಮೆರಿಕದ ಹಳ್ಳಿಗಾಡಿನ ಶಾಲೆಗಳಲ್ಲಿ ಗಣಿತ, ವಿಜ್ಞಾನ ಹೇಳಿಕೊಡಲು ಜೆ-1 (ವಿನಿಮಯ ಕಾರ್ಯಕ್ರಮದ್ದು), ಎಚ್-1ಬಿ (ಕೆಲಸದ್ದು) ವೀಸಾದಲ್ಲಿ ಭಾರತದಿಂದ ಹೋದ ಶಿಕ್ಷಕರಿದ್ದಾರೆ. ಎಚ್-1ಬಿಯಲ್ಲಿ ಕೆಲಸ ಹೋದರೆ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಶಾಲೆ ಇವರ ಪರವಾಗಿ ಅರ್ಜಿ ಹಾಕಬೇಕು, ಅದಕ್ಕೆ ಆ ರಾಜ್ಯದ ಲೈಸೆನ್ಸ್ ಬೇಕು. ಇವರ ಪದವಿ ಬೆಂಗಳೂರಿನದ್ದೋ ಧಾರವಾಡದ್ದೋ ಆಗಿದ್ದರೆ ಅದರ ಮೌಲ್ಯಮಾಪನ ಬೇರೆ ಆಗಬೇಕು. ನಾಗರಿಕರಿಗೆ ತಿಂಗಳುಗಟ್ಟಲೆ ಕಾಯುವುದು ಸಂಬಳದ ನಷ್ಟ. ಇವರಿಗೆ ಅದೇ ತಡ ದೇಶ ಬಿಡುವ ನೋಟಿಸ್ ಆಗುತ್ತದೆ.

ಪಿಂಚಣಿಯ ಗಂಟು, ಮುಂದಿನ ದಾರಿ

ಲೈಸೆನ್ಸ್ ಸಿಕ್ಕಿದರೂ ಪಿಂಚಣಿ ರಾಜ್ಯದ ಗಡಿಯಲ್ಲೇ ನಿಲ್ಲುತ್ತದೆ. ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಒಂದೇ ರಾಜ್ಯದಲ್ಲಿ ಸೇವೆ ಮಾಡಿದರೆ ಮಾತ್ರ ಪಿಂಚಣಿ ಹಕ್ಕು. ನಾಲ್ಕನೇ ವರ್ಷ ಊರು ಮುಳುಗಿದರೆ ತಾವು ಕಟ್ಟಿದ ದುಡ್ಡು ವಾಪಸ್ ಸಿಗುತ್ತದೆ, ಪಿಂಚಣಿಯ ಹಕ್ಕು ಸಿಗುವುದಿಲ್ಲ. ಲೂಸಿಯಾನಾ, ಟೆಕ್ಸಾಸ್‌ನಂಥ ಕಡೆ ಬಹುಪಾಲು ಶಿಕ್ಷಕರು ಕೇಂದ್ರದ ಪಿಂಚಣಿ ವ್ಯವಸ್ಥೆಯಾದ ಸೋಷಿಯಲ್ ಸೆಕ್ಯುರಿಟಿಯ ಹೊರಗಿದ್ದಾರೆ. ಅಲ್ಲಿಂದ ಬೇರೆ ರಾಜ್ಯಕ್ಕೆ ಹೋಗಿ ಅದಕ್ಕೆ ಸೇರಿದವರ ಪಾವತಿಗೆ ಕತ್ತರಿ ಬೀಳುತ್ತಿತ್ತು. 2025ರ ಜನವರಿಯಲ್ಲಿ ಆ ಕಡಿತ ರದ್ದಾಯಿತು. ಹಳೆಯ ಅನ್ಯಾಯ ಒಂದಾದರೂ ಹೋಯಿತು.

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಸಮುದ್ರದಿಂದ ನೂರಾರು ಮೈಲಿ ಒಳಗಿರುವ, ಉತ್ತರ ಕ್ಯಾರೊಲಿನಾ ರಾಜ್ಯದ ಆಶ್‌ವಿಲ್‌ನ ಬೆಟ್ಟಗಳನ್ನೇ ಕೊಚ್ಚಿಹಾಕಿತು. ಅಲ್ಲಿನ ಶಾಲೆಗಳು ತೆರೆಯಲು ಹತ್ತಿರ ಹತ್ತಿರ ಒಂದು ತಿಂಗಳು ಬೇಕಾಯಿತು. ಅಲ್ಲಿಂದ ಪಕ್ಕದ ರಾಜ್ಯ ಟೆನೆಸ್ಸಿಯ ಗಡಿ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಸುರಕ್ಷಿತ ಜಾಗ ಅಂತ ಯಾವುದೂ ಉಳಿದಿಲ್ಲ ಅಂದಮೇಲೆ ಇವತ್ತು ಶಿಕ್ಷಕರನ್ನು ಬರಮಾಡಿಕೊಳ್ಳುವ ರಾಜ್ಯ ನಾಳೆ ಕಳಿಸಿಕೊಡುವ ರಾಜ್ಯ ಆಗಬಹುದು. ರಾಜ್ಯಗಳನ್ನು ಒಪ್ಪಿಸಲು ಇದಕ್ಕಿಂತ ಬಲವಾದ ವಾದ ಬೇಕಿಲ್ಲ.

ಬೇಕಾದ ನಿಯಮ ದೊಡ್ಡದೇನೂ ಅಲ್ಲ. ವಿಪತ್ತು ಘೋಷಣೆಯಾದ ಜಿಲ್ಲೆಯ ಶಿಕ್ಷಕರಿಗೆ ಬೆರಳಚ್ಚು ತಪಾಸಣೆ ಮುಗಿದ ದಿನವೇ ಅದೇ ವಿಷಯದ ಲೈಸೆನ್ಸ್, ಎರಡು ವರ್ಷಕ್ಕೆ. ಹಳೆಯ ರಾಜ್ಯದ ಕಚೇರಿ ಕೆಲಸ ಶುರು ಮಾಡುವವರೆಗೆ ಕಾಗದದ ಗಡುವು ಲೆಕ್ಕಕ್ಕೆ ಬರಬಾರದು. ಆ ಎರಡು ವರ್ಷದ ಒಳ್ಳೆಯ ಪಾಠವನ್ನೇ ಪರೀಕ್ಷೆಯ ಬದಲಿಗೆ ಒಪ್ಪಿಕೊಳ್ಳಬೇಕು. ಲೈಸೆನ್ಸ್ ದಾಖಲೆಗಳ ಒಂದು ಪ್ರತಿ ರಾಜ್ಯದ ಹೊರಗಿನ ಸರ್ವರ್‌ನಲ್ಲಿ ಇರಬೇಕು. ಸಂಚಾರ ಒಪ್ಪಂದ ನಡೆಸುವ ಆಯೋಗಕ್ಕೆ ನಿಯಮ ಮಾಡುವ ಅಧಿಕಾರ ಇದೆ, ಸದಸ್ಯ ರಾಜ್ಯಗಳ ಮಟ್ಟಿಗೆ ಒಂದಿಷ್ಟನ್ನು ಅದೇ ಶುರು ಮಾಡಬಹುದು. ಉಳಿದದ್ದಕ್ಕೆ ರಾಜ್ಯಗಳ ಶಾಸನಸಭೆ ಬೇಕು. ಬಹುಪಾಲು ಸಭೆಗಳು ಸೇರುವುದು ಜನವರಿಯಿಂದ ಬೇಸಿಗೆಯ ಮೊದಲ ಭಾಗದವರೆಗೆ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ರವರೆಗೆ ಇರುತ್ತದೆ. ಬಿರುಗಾಳಿ ಬಂದ ಮೇಲೆ ನಿಯಮ ಬರೆಯೋಣ ಅಂತ ಕೂತರೆ ಸಭೆಯೇ ನಡೆಯುತ್ತಿರುವುದಿಲ್ಲ. ಆಗ ಉಳಿಯುವುದು ಗವರ್ನರ್ (ಅಲ್ಲಿ ರಾಜ್ಯ ಸರ್ಕಾರದ ಮುಖ್ಯಸ್ಥರು) ಹೊರಡಿಸುವ ಶುಲ್ಕ ಮನ್ನಾದ ಆದೇಶ ಮಾತ್ರ.